ಈ ಸಲದ ಉಡಿ

ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದ ಸೊಸೆಗೆ ಅತ್ತೆ ಮಾಡಿಸದ ಚಿಕಿತ್ಸೆ ಇರಲಿಲ್ಲ. ಚಿಕಿತ್ಸೆಯೆಂದರೆ, ಯಾರು ಯಾವ ದೇವಿಯ ಹೆಸರು ಹೇಳಿದರೂ ಸರಿ, ಸೊಸೆಯನ್ನು ಮಣೆಯ ಮೇಲೆ ಕೂಡಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಸುರಿದು ಉಡಿ ತುಂಬಿಸುವುದು. ಮಗನನ್ನು ಮಾತ್ರ ಯಾವ ದೇವಿಯೂ ಕರೆಯಲಿಲ್ಲ. ಅವನಿಗೆ ಮೀಸೆ ಇತ್ತಲ್ಲ, ಅಷ್ಟು ಸಾಕ್ಷಿ ಸಾಕಿತ್ತು.

ಕೊನೆಗೆ ಸೊಸೆ ಹಟ ಹಿಡಿದು ಗಂಡನನ್ನೂ ಡಾಕ್ಟರ ಬಳಿ ಕರೆದೊಯ್ದಳು. ಇಬ್ಬರದೂ ತಪಾಸಣೆಯಾಯಿತು. ಅವರು ಮನೆಗೆ ಬರುವಷ್ಟರಲ್ಲಿ ಅತ್ತೆ ಓಣಿಯ ಮುತ್ತೈದೆಯರನ್ನು ಕೂಡಿಸಿ, ಮತ್ತೆ ಮಣೆ ಹಾಕಿದ್ದಳು.

"ಡಾಕ್ಟರ್ ಏನಂದ್ರೋ?" ಎಂದು ಮಗನನ್ನು ಕೇಳಿದಳು.

ಅವನು ಮೀಸೆಯ ಮೇಲೆ ಕೈಯಾಡಿಸಿದ. "ಏನಂತಾರವ್ವಾ? ನಮ್ಮ ಮನೆತನದ ಗಂಡಸರಿಗೆ ಏನ್ ಧಾಡಿ? ನಂದೆಲ್ಲಾ ಬರೋಬ್ಬರಿ ಐತಿ. ಇಕಿಗೇ ಔಷಧ ಬೇಕಂತ."

"ನಾ ಮೊದ್ಲ ಹೇಳಿದ್ದಿಲ್ಲೇನು?" ಎಂದಳು ಅತ್ತೆ. ಮುತ್ತೈದೆಯರೆಲ್ಲ ಸೊಸೆಯತ್ತ ನೋಡಿ ಲೊಚಗುಟ್ಟಿದರು. ಸೊಸೆ ಗಂಡನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

"ಕುಂದರವಾ, ಸೆರಗು ಒಡ್ಡು," ಎಂದು ಅತ್ತೆ ಅಕ್ಕಿಯ ಮೊರ ಎತ್ತಿಕೊಂಡಳು.

ಸೊಸೆ ಮಣೆಯನ್ನು ಎತ್ತಿ ಗಂಡನ ಮುಂದಿಟ್ಟಳು.

"ಅತ್ತಿ, ಡಾಕ್ಟರ್ ಔಷಧ ಕೊಟ್ಟದ್ದು ಇವರಿಗೆ," ಎಂದಳು. "ಬರ್ರೀ, ಕುಂದರ್ರಿ. ಲುಂಗಿ ಒಡ್ಡ್ರಿ."