ಹೆಜ್ಜೆಗೊಂದು ಸಹಿ

ಚಂದ್ರನ ನೆಲೆಗೆ ಮೊಟ್ಟಮೊದಲು ಬಂದವರಲ್ಲಿ ಈಗ ಉಳಿದಿದ್ದವಳು ಮುದುಕಿ ದಮಯಂತಿಯೊಬ್ಬಳೇ. ಹಾಗಾಗಿ ಭೂಮಿಯಿಂದ ಬರುವ ಪ್ರತಿ ನೌಕೆಯಲ್ಲೂ ಅವಳ ಸಹಿ ಬೇಡುವವರು ಇರುತ್ತಿದ್ದರು. ಹಳೆಯ ಕೈಗವಸು, ಹೆಲ್ಮೆಟ್ಟು, ಊಟದ ಪೊಟ್ಟಣ, ಏನು ತಂದರೂ ಗೊಣಗುತ್ತಲೇ ಗೀಚಿ ಕಳಿಸುತ್ತಿದ್ದಳು.

ಇವತ್ತು ಬಂದ ಸಂಗ್ರಾಹಕ ವಿರೂಪಾಕ್ಷ ಮೇಜಿನ ಮೇಲಿಟ್ಟದ್ದು ಒಂದು ಗಾಜಿನ ಪೆಟ್ಟಿಗೆ. ಒಳಗೆ ಅಂಟು ಹಾಕಿ ಗಟ್ಟಿ ಮಾಡಿದ ಬೂದು ಮಣ್ಣು, ಅದರಲ್ಲೊಂದು ಬೂಟಿನ ಗುರುತು.

“ನಿಮ್ಮ ಹೆಜ್ಜೆ ಮೇಡಂ. ಒಂದು ಸಹಿ ಹಾಕಿಬಿಡಿ.”

ದಮಯಂತಿ ಬಗ್ಗಿ ನೋಡಿದಳು. ಹಿಮ್ಮಡಿಯಲ್ಲಿ ತೇಪೆಯ ಗುರುತಿತ್ತು. ಗೆಳತಿ ಫ್ಲಾವಿಯಾಳ ಬೂಟಿಗೆ ಆ ತೇಪೆ ಹಾಕಿಕೊಟ್ಟವಳು ದಮಯಂತಿಯೇ. ಅದನ್ನು ಮೆಟ್ಟಿಕೊಂಡು ಕುಳಿಯೊಳಗೆ ಇಳಿದ ಫ್ಲಾವಿಯಾ ಮರಳಲಿಲ್ಲ, ಹೆಣವೂ ಸಿಗಲಿಲ್ಲ. ಅವಳ ಹೆಜ್ಜೆಸಾಲಿನ ಸುತ್ತ ಹಗ್ಗ ಕಟ್ಟಿ, ಅದನ್ನೇ ಸಮಾಧಿಯೆಂದು ನೆಲೆಯವರು ವರ್ಷಕ್ಕೊಮ್ಮೆ ಕೈಮುಗಿಯುತ್ತಿದ್ದರು.

“ಹಗ್ಗ ಕಾಣಿಸಲಿಲ್ವೇನೋ ನಿನಗೆ? ಗೋರಿ ಅಗೆದು ತಂದಿದೀಯಲ್ಲೋ ಮನೆಹಾಳ, ಥೂ!”

ಅವಳು ಪೆಟ್ಟಿಗೆಯನ್ನು ಮೇಜಿನಿಂದ ಕೆಳಕ್ಕೆ ತಳ್ಳಿದಳು. ಚಂದ್ರನ ಮೇಲೆ ಬೀಳುವ ವಸ್ತುವಿಗೆ ಅವಸರವಿಲ್ಲ. ವಿರೂಪಾಕ್ಷ ಆರಾಮಾಗಿ ಬಗ್ಗಿ ಹಿಡಿದುಕೊಂಡ. ಅವಳ ಸಿಟ್ಟು ನೆತ್ತಿಗೇರಿತು.

“ಕೊಡು ಇಲ್ಲಿ!”

ಅವನ ಕೈಯಿಂದ ಪೆಟ್ಟಿಗೆ, ಪೆನ್ನು ಕಿತ್ತುಕೊಂಡು ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ‘ಇದು ಸಮಾಧಿಯಿಂದ ಕದ್ದದ್ದು.’ ಕೆಳಗೆ ಸಹಿ ಹಾಕಿದಳು.

ಓದುತ್ತಿದ್ದಂತೆ ವಿರೂಪಾಕ್ಷನ ಮುಖ ಅರಳಿತು.

“ಅಯ್ಯೋ ಮೇಡಂ, ಇಂಥದ್ದು ಯಾರ ಹತ್ರಾನೂ ಇರಲ್ಲ! ಉಳಿದ ಹೆಜ್ಜೆಗಳನ್ನೂ ತಂದಿದೀನಿ. ಅವಕ್ಕೂ ಹೀಗೇ ಬರ್ಕೊಡ್ತೀರಾ?”