ತೆಗೆದ ಎರಡು ಬೀಜ

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕೈ ಪೆನ್ಸಿಲ್ ಹುಡುಕುತ್ತದೆ.

ಆ ಮಧ್ಯಾಹ್ನ ಮಿಡಿಗೇಶಿಯ ನಮ್ಮ ಮನೆಯ ಜಗಲಿಯಲ್ಲಿ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಎರಡನೇ ಕ್ಲಾಸಿನಲ್ಲಿದ್ದೆ. ಹದಿನೆಂಟಕ್ಕೆ ಹದಿನೇಳು ಕೂಡುವ ಲೆಕ್ಕಕ್ಕೆ ಬರೀ ಉತ್ತರ ಬರೆದಿದ್ದೆ. ಉತ್ತರ ಸರಿಯಿತ್ತು. ಆದರೂ ಮಿಸ್ಸು ಕೆಂಪು ಇಂಕಿನಲ್ಲಿ, ‘ಯಾರದನ್ನು ನೋಡಿ ಬರೆದೆ? ಹೇಗೆ ಮಾಡಿದೆ, ಬರೆದು ತಾ’ ಎಂದು ಗೀಚಿದ್ದರು.

ಅಜ್ಜಿಯ ಪಕ್ಕ ಕೂತು ಬರೆದೆ. ಅಜ್ಜಿಗೆ ಓದು ಬಾರದು. “ನೀನ್ ಓದು, ನಾನು ಬೀಜ ಇಕ್ಕಿ ನೋಡ್ತೀನಿ” ಎಂದು ಹದಿನೆಂಟರದೊಂದು, ಹದಿನೇಳರದೊಂದು ಗುಡ್ಡೆ ಮಾಡಿದಳು.

“ಹದಿನೇಳರಿಂದ ಎರಡು ತೆಗೆದೆ. ಆಮೇಲೆ ಎಲ್ಲ ಕೂಡಿದೆ” ಎಂದು ಓದಿದೆ.

ಅಜ್ಜಿ ಎರಡು ಬೀಜ ತೆಗೆದು ಬುಟ್ಟಿಗೆ ಹಾಕಿ, ಉಳಿದಿದ್ದನ್ನು ಎಣಿಸಿದಳು. “ಮೂವತ್ಮೂರು.”

“ಬುಟ್ಟಿಗಲ್ಲ ಅಜ್ಜಿ, ಆ ಗುಡ್ಡೆಗೆ ಇಕ್ಕಬೇಕು!”

“ಬಾಯಲ್ಲಿ ಹೇಳ್ಬ್ಯಾಡ ಕಣಮ್ಮ. ನಿಮ್ ಮಿಸ್ಸು ಓದುವಾಗ ನೀನು ಪಕ್ಕದಾಗೆ ಕುಂತಿರ್ತೀಯಾ?”

ಹಾಳೆ ಹರಿಯುವಂತೆ ಅಳಿಸಿ ಮತ್ತೆ ಬರೆದೆ. ಅಜ್ಜಿ ಮತ್ತೆ ಹದಿನೆಂಟು, ಹದಿನೇಳು ಎಣಿಸಿಟ್ಟಳು.

“ಹದಿನೇಳರಿಂದ ಎರಡು ತೆಗೆದು ಹದಿನೆಂಟಕ್ಕೆ ಸೇರಿಸಿದೆ. ಅಲ್ಲಿ ಇಪ್ಪತ್ತಾಯಿತು. ಇಲ್ಲಿ ಹದಿನೈದು ಉಳಿಯಿತು. ಎರಡೂ ಗುಡ್ಡೆ ಕೂಡಿದೆ.”

ಅಜ್ಜಿಯ ಅಂಟಂಟು ಬೆರಳು ನನ್ನ ಒಂದೊಂದು ಮಾತಿನ ಹಿಂದೆಯೇ ನಡೆಯಿತು.

“ಮೂವತ್ತೈದು” ಎಂದಳು.

ಉತ್ತರದ ಸಾಲನ್ನು ನಾನಿನ್ನೂ ಓದಿರಲಿಲ್ಲ.