ಮುಚ್ಚಿಟ್ಟ ಸಾಲು

“ನನ್ನ ಹೆಸರು ಪಟ್ಟಿಯೊಳಗೇ ಐತೆ ಮೇಡಂ, ಮೇಲಕ್ಕೆ ಕಾಣಂಗಿಲ್ಲ ಅಷ್ಟೆ,” ಎಂದ ಬಾಗೂರಿನ ಕಾಟಪ್ಪ.

ಸುಚಿತ್ರಾಗೆ ರೇಗಿತು. ಬಾಗೂರಿನ ನಿವೇಶನ ಪಟ್ಟಿಯನ್ನು ವೆಬ್ ಪುಟವಾಗಿ ತೋರಿಸುವ ಜಾವಾ ಪ್ರೋಗ್ರಾಂ ಬರೆದವಳು ಅವಳೇ. ಸಂಜೆ ಐದಕ್ಕೆ ಹೊಸದುರ್ಗದ ಈ ಕಂಪ್ಯೂಟರ್ ಸೆಂಟರಿನಿಂದ ಪಟ್ಟಿ ತಾಲ್ಲೂಕು ಕಚೇರಿಗೆ ಹೋಗಬೇಕು, ಅದರಲ್ಲಿ ಹೆಸರಿದ್ದವರಿಗೆ ಮಾತ್ರ ಸೈಟು. ಪುಟದಲ್ಲಿ ಕಾಟಪ್ಪ ಎಂಬ ಹೆಸರೇ ಇಲ್ಲವೆಂದು ಮೂರು ಸಲ ತೋರಿಸಿದರೂ ಈ ಮನುಷ್ಯ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ.

ಒಮ್ಮೆ ತೊಲಗಲಿ ಎಂದು ಪುಟದ ಹಿಂದಿನ ಎಚ್‌ಟಿಎಂಎಲ್ ತೆರೆದಳು. ಪ್ರೋಗ್ರಾಂ ಉಗುಳಿದ್ದೆಲ್ಲ ಒಂದೇ ಒಂದು ಉದ್ದನೆಯ ಸಾಲು. ಹೆಸರು, ಊರು, ಟ್ಯಾಗು ಎಲ್ಲ ಅಂಟಿಕೊಂಡು ಮುದ್ದೆಯಾಗಿತ್ತು. ಬ್ರೌಸರಿಗೆ ಅಷ್ಟು ಸಾಕು, ಮನುಷ್ಯರು ಓದುವುದು ಹೇಗೆ? ಕಸ ಗುಡಿಸದ ಮನೆಗೆ ನೆಂಟರು ಬಂದಂತೆ ಅವಳಿಗೆ ನಾಚಿಕೆಯಾಯಿತು. ಪ್ರತಿ ಹೆಸರು ಮುಗಿದೊಡನೆ ಹೊಸ ಸಾಲು ಬರಲಿ, ಒಳಗಿನದು ಸ್ವಲ್ಪ ಒಳಕ್ಕೆ ಸರಿದು ನಿಲ್ಲಲಿ ಎಂದು ಜಾವಾ ಕೋಡನ್ನು ತಿದ್ದಿ, ಸರ್ವರನ್ನು ಮತ್ತೆ ಶುರು ಮಾಡಿದಳು.

ಈಗ ಹೆಸರುಗಳು ಒಂದರ ಕೆಳಗೊಂದು ನೀಟಾಗಿ ನಿಂತಿದ್ದವು. ತನಗೆ ಓದಲು ಬಾರದೆಂದು ಆಗಲೇ ಹೇಳಿದ್ದ ಕಾಟಪ್ಪ ಎದ್ದು ಬಂದು, ಹುಡುಕದೆ, ಪರದೆಯ ಮೇಲೆ ಒಂದು ಕಡೆ ಬೆರಳಿಟ್ಟ.

“ಇಲ್ಲಿ.”

ಅಲ್ಲೇ ಇತ್ತು: ಕಾಟಪ್ಪ ಬಿನ್ ಪಾಲಯ್ಯ, ಮೃತ. ಸತ್ತವರ ಹೆಸರನ್ನು ಅಳಿಸಲು ಮನಸ್ಸಾಗದೆ, ಪುಟದಲ್ಲಿ ಕಾಣದಂತೆ ಕಾಮೆಂಟ್ ಗುರುತುಗಳ ನಡುವೆ ಮುಚ್ಚಿಡುವ ಏರ್ಪಾಡು ಮಾಡಿದವಳೂ ಸುಚಿತ್ರಾಳೇ. ಅವಳು ತಿರುಗಿ ಅವನನ್ನು ನೋಡಿದಳು. ಮರುಗಳಿಗೆಯೇ ಏನೋ ಹೊಳೆದು ನಗು ಬಂತು.

“ನಿಮ್ಮ ತಾತನ ಹೆಸರೂ ಕಾಟಪ್ಪನೇ ಏನ್ರಿ?”

“ಹೂಂ. ತಾತಂದೇ ನನಗಿಟ್ಟಿದ್ದು.”

“ಅವರಪ್ಪ?”

“ಪಾಲಯ್ಯನೇ. ನಮ್ಮಪ್ಪನ ಹೆಸರೂ ಅದೇ. ತಾತ ತೀರ್ಕಂಡು ಮೂವತ್ತು ವರ್ಷ ಆತು.”

ಈ ಸೀಮೆಯಲ್ಲಿ ಇದೇನು ಹೊಸದಲ್ಲ. ಅವಳ ಮನೆಯಲ್ಲೂ ಅಣ್ಣನಿಗೆ ತಾತನ ಹೆಸರೇ. ಯಾರೋ ತಾತನ ಸಾವನ್ನು ಮೊಮ್ಮಗನ ತಲೆಗೆ ಕಟ್ಟಿದ್ದಾರೆ ಎಂದುಕೊಂಡು ‘ಮೃತ’ ತೆಗೆದುಹಾಕಿದಳು. ಕಾಟಪ್ಪನ ಹೆಸರು ಪುಟದಲ್ಲಿ ಎದ್ದು ಬಂತು. ಮನೆಗೊಂದೇ ಹೆಸರು ಎಂಬುದು ಪ್ರೋಗ್ರಾಮಿನ ನಿಯಮ. ಹಾಗಾಗಿ ಅದೇ ಮನೆಯ ಇನ್ನೊಂದು ಹೆಸರು ತಾನಾಗಿ ಬಿದ್ದುಹೋಯಿತು. ಸುಚಿತ್ರಾ ಅದನ್ನು ನೋಡಲೂ ಇಲ್ಲ, ತನ್ನ ಜಾಣತನಕ್ಕೆ ತಾನೇ ಬೀಗುತ್ತಿದ್ದಳು.

“ಇನ್ನು ನನ್ನ ಯಾರೂ ಹೊರಗೆ ಹಾಕಂಗಿಲ್ಲ, ಅಲ್ವ್ರಾ?” ಎಂದು ಕಾಟಪ್ಪ ಕೇಳಿದ.

“ಇಲ್ಲ, ಆರಾಮಾಗಿ ಹೋಗ್ರಿ,” ಎಂದಳು. ಐದಕ್ಕೆ ಸರಿಯಾಗಿ ಪಟ್ಟಿ ಕಳಿಸಿದಳು.

ಮರುದಿನ ಬೆಳಿಗ್ಗೆ ಬಾಗೂರಿನಿಂದ ತಿಪ್ಪಮ್ಮ ಎಂಬುವಳು ಬಂದಳು. “ಪಟ್ಟಿನಾಗೆ ನನ್ನ ಹೆಸರಿತ್ತು ಕಣಮ್ಮ. ಈಗ ನನ್ನ ಗಂಡಂದು ಬಂದೈತಂತೆ. ಆವಯ್ಯ ಸತ್ತು ಎಂಟು ತಿಂಗ್ಳಾತು.”

ಅವಳು ಮೇಜಿನ ಮೇಲಿಟ್ಟ ಗಂಡನ ಗುರುತಿನ ಚೀಟಿಯಲ್ಲಿ ನಿನ್ನೆ ಸ್ಟೂಲಿನ ಮೇಲೆ ಕೂತಿದ್ದವನ ಮುಖವಿತ್ತು. ಸುಚಿತ್ರಾಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇವರೇ… ನಿನ್ನೆ ಬಂದಿದ್ರು.”

ತಿಪ್ಪಮ್ಮ ಕಿರುಚಲಿಲ್ಲ, ಹುಚ್ಚಿ ಎಂದು ಬೈಯಲೂ ಇಲ್ಲ. ಕತ್ತಿನ ಮೇಲಿನ ಸುಟ್ಟ ಗಾಯದ ಕಲೆ ಮುಚ್ಚುವಂತೆ ಸೆರಗೆಳೆದುಕೊಂಡು, ಅಲ್ಲೇ ನೆಲದ ಮೇಲೆ ಕೂತಳು.

“ಹೆದರ್ಕಬೇಡ್ರಿ,” ಎಂದಳು ಸುಚಿತ್ರಾ. “ಪಟ್ಟಿ ಹೋಗಿಬಿಟ್ಟೈತೆ, ತಿದ್ದಾಕೆ ಬರಲ್ಲ. ಆದ್ರೆ ಸೈಟು ಎಲ್ಲೂ ಹೋಗಲ್ಲ. ಪತ್ರದಾಗೆ ಹೆಸರು ಮಾತ್ರ ಅವರದು, ಇರೋದು ನೀವೇ.”

“ಸತ್ತ ಮ್ಯಾಲೂ ದಿನಾ ರಾತ್ರಿ ಬಂದು ಬಾಗ್ಲು ಬಡಿತಾನೆ. ಇದು ನಿನ್ ಮನೆ ಅಲ್ಲ, ಹೋಗು ಅಂತ ಒಳಗಿಂದ್ಲೇ ಅಂತಿದ್ದೆ, ಹೋಗ್ತಿದ್ದ,” ಎಂದಳು ತಿಪ್ಪಮ್ಮ. “ಈಗ ಜಾಗ ಅವನ ಹೆಸರಿಗೇ ಆತು, ಇನ್ನೇನಂತ ಹೇಳ್ಲಮ್ಮ? ಬಾಗ್ಲು ತೆಗಿಯಂಗಾತಲ್ಲ.”